ಸದ್ದಿಲ್ಲದ ಕೋಣೆಯ ಪ್ರಶಸ್ತಿ

ನಮ್ಮೂರಿನಲ್ಲಿ ಅರ್ಜಿಗೆ ರುಜು ಬಿದ್ದ ಕೂಡಲೇ ಅದು ಮಾತಾಡಲು ತೊಡಗುತ್ತದೆ. ರುಜು ಹಾಕಿದವರ ದನಿಯಲ್ಲೇ ಮಾತಾಡುತ್ತದೆ. ಕೇಳಿದ ಕೆಲಸ ಆಗುವತನಕ ನಿಲ್ಲಿಸುವುದಿಲ್ಲ. ಆಗದ ಕೆಲಸವಾದರೆ, ಯಾಕೆ ಆಗದು ಎಂಬ ನಿಜವಾದ ಕಾರಣವನ್ನು ಅಧಿಕಾರಿ ಅದರ ಮೇಲೆ ಬರೆದರೂ ಸುಮ್ಮನಾಗುತ್ತದೆ. ‘ಪರಿಶೀಲಿಸಲಾಗುವುದು’ ಎಂದು ಬರೆದರೆ ಮಾತ್ರ ದನಿ ಇನ್ನಷ್ಟು ಏರುತ್ತದೆ. ಹೀಗಾಗಿ ನಮ್ಮ ಕಚೇರಿಯ ಗುಮಾಸ್ತರು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಕೆಲಸಕ್ಕೆ ಬರುತ್ತಾರೆ. ಮನೆಗೆ ಹೋದ ಮೇಲೂ ಕೆಲವರು ಅದನ್ನು ತೆಗೆಯುವುದಿಲ್ಲವೆಂದು ಅವರ ಹೆಂಡಂದಿರ ದೂರು.

ನಾನು ಆ ಕಚೇರಿಯ ಪಡಸಾಲೆಯಲ್ಲಿ ನಲವತ್ತೊಂದು ವರ್ಷದಿಂದ ಅರ್ಜಿ ಬರೆದುಕೊಡುತ್ತ ಬಂದವನು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಹತ್ತು ಗಂಟೆಗೆ ನನ್ನ ಜಾಗದಲ್ಲಿ ಕೂತಿರುತ್ತೇನೆ. ನನ್ನ ಅಕ್ಷರ ಚೆನ್ನ, ಒಕ್ಕಣೆ ಇನ್ನೂ ಚೆನ್ನ ಎಂದು ಊರೆಲ್ಲ ಒಪ್ಪಿಕೊಂಡಿದೆ. ಆದರೆ ನಾನು ಎಷ್ಟು ಒಪ್ಪವಾಗಿ ಬರೆದರೂ ಅರ್ಜಿ ಆಡುವುದು ರುಜು ಹಾಕಿದವರ ಮನಸ್ಸಿನ ಮಾತನ್ನೇ. ‘ಸಾರ್ವಜನಿಕರ ಹಿತದೃಷ್ಟಿಯಿಂದ ನಮ್ಮ ಓಣಿಗೆ ಬೀದಿದೀಪ ಒದಗಿಸಬೇಕು’ ಎಂದು ಒಬ್ಬ ಮುಖಂಡರಿಗೆ ಬರೆದುಕೊಟ್ಟೆ. ಅದು ಕಪಾಟಿನೊಳಗೆ ಹೋಗಿ, “ಎದುರ ಮನ್ಯಾವನ ಬಾಗಲಕ್ಕ ಬ್ಯಾಡ, ನನ್ನ ಬಾಗಲಕ್ಕಷ್ಟ ಹಾಕ್ರಿ” ಎಂದು ಆರು ತಿಂಗಳು ಕೂಗಿತು. ಆ ಆರು ತಿಂಗಳು ಮುಖಂಡರು ಕಚೇರಿಯ ರಸ್ತೆಯಲ್ಲಿ ಓಡಾಡಲಿಲ್ಲ.

ನನ್ನ ಹೆಂಡತಿ ನೀಲಗಂಗಾ ತನ್ನ ಜೀವಮಾನದಲ್ಲಿ ಹಾಕಿದ್ದು ಒಂದೇ ಅರ್ಜಿ. ಅವಳಿಗೆ ಮೊಣಕಾಲು ನೋವಿತ್ತು, ಸರ್ಕಾರಿ ಆಸ್ಪತ್ರೆಗೆ ಹೋಗಿಬರುತ್ತಿದ್ದಳು. ಆಸ್ಪತ್ರೆಗೆ ಹನ್ನೊಂದು ಮೆಟ್ಟಿಲು. ಎತ್ತರದ ಕಲ್ಲಿನವು, ಹಿಡಿದುಕೊಳ್ಳಲು ಏನೂ ಇಲ್ಲ. ಒಂದು ದಿನ ತುಂಬು ಬಸುರಿಯೊಬ್ಬಳು ಎರಡೂ ಕೈಗಳನ್ನು ಮೆಟ್ಟಿಲ ಮೇಲೆ ಊರಿ ಅಂಬೆಗಾಲಿಟ್ಟು ಹತ್ತುವುದನ್ನು ಕಂಡು ಮನೆಗೆ ಬಂದಳು. ಬಂದವಳು ನೀರನ್ನೂ ಕುಡಿಯದೆ ನನ್ನೆದುರು ಕೂತಳು.

“ಏನ್ರೀ, ಊರ ಮಂದಿಗೆಲ್ಲ ಬರಕೊಟ್ರಿ. ಇವತ್ತ ನನಗೊಂದ ಬರದ ಕೊಡ್ರಿ.”

ಬರೆದುಕೊಟ್ಟೆ. ಅವಳು ಬಹಳ ಹೊತ್ತು ತೆಗೆದುಕೊಂಡು ರುಜು ಹಾಕಿದಳು. ಕಾಗದ ಕೈಯಲ್ಲಿದ್ದಾಗಲೇ ಮಾತಾಡಿತು. ಅವಳು ಬೆಚ್ಚಿ, ಆಮೇಲೆ ನಕ್ಕು, “ಅಯ್ಯ, ನನ್ನ ದನಿ ಇಷ್ಟ ಗೊಗ್ಗರ ಐತೇನ್ರೀ?” ಎಂದಳು. “ಮದುವ್ಯಾದಾಗಿಂದ ಹಿಂಗs ಐತಿ” ಎಂದೆ. ಎರಡು ದಿನ ನನ್ನ ಕೂಡ ಮಾತಾಡಲಿಲ್ಲ.

ನಾಲ್ಕು ತಿಂಗಳ ಮೇಲೆ ಎಂಟು ದಿನದ ಜ್ವರದಲ್ಲಿ ಅವಳು ಲಿಂಗೈಕ್ಯಳಾದಳು. ಶಿವನ ಸೊತ್ತು ಶಿವನಿಗೆ ಸಂದಿತು ಎಂದು ಬಂದವರಿಗೆಲ್ಲ ನಾನೇ ಸಮಾಧಾನ ಹೇಳಿದೆ. ಮೂರು ವಾರ ಕಳೆದು ಕಚೇರಿಗೆ ಹೋದೆ. ನಾಲ್ಕನೆಯ ಕೋಣೆಯ ಕಪಾಟಿನಿಂದ ಅವಳ ದನಿ ಕೇಳಿತು. “ಹಿಡಕೊಂಡು ಹತ್ತಾಕ ಒಂದು ಕಬ್ಬಣದ ಸಳಿ ಹಾಕಸ್ರೆಪ್ಪಾ. ಬಸರಿ ಹೆಣ್ಮಕ್ಕಳು ಬರ್ತಾರ.” ನಾನು ಕಪಾಟಿನ ಪಕ್ಕದ ಬೆಂಚಿನ ಮೇಲೆ ಕೂತೆ. ಅಂದಿನಿಂದ ದಿನವೂ ಮೂರು ಗಂಟೆಗೆ ಬರವಣಿಗೆ ನಿಲ್ಲಿಸಿ ಅಲ್ಲಿ ಹೋಗಿ ಕೂರುವುದು ನನ್ನ ಎರಡನೆಯ ಪೂಜೆಯಾಯಿತು. ಆಗ ಆ ಕೋಣೆಯಲ್ಲಿದ್ದ ಅಧಿಕಾರಿ ಅವಳ ಅರ್ಜಿಯ ಮೇಲೆ ಮೂರು ಸಲ ‘ಪರಿಶೀಲಿಸಲಾಗುವುದು’ ಎಂದು ಬರೆದ. ಪ್ರತಿ ಸಲವೂ ದನಿ ಏರಿತು. ಪ್ರತಿ ಸಲವೂ ನಾನು ಆ ಸೋಮಾರಿಯನ್ನು ಮನಸ್ಸಿನಲ್ಲೇ ಹರಸಿದೆ. ಅರ್ಜಿ ಬರೆಯುವವನ ಮನಸ್ಸಿನಲ್ಲಿ ಏಳಬಾರದ ಹರಕೆ ಅದು.

ಆತ ವರ್ಗವಾಗಿ ಹೋದ ಮೇಲೆ ಆ ಕೋಣೆಗೆ ಬಂದವಳು ಶಮಶಾದ ನದಾಫ. ನಮ್ಮೂರಿನಲ್ಲೇ ಗಾದಿ ತುಂಬುವ ಮಹಬೂಬಸಾಬನ ಒಬ್ಬಳೇ ಮಗಳು, ಇಪ್ಪತ್ತೊಂಬತ್ತು ವರ್ಷದವಳು. ಅವಳು ಕಿವಿಗೆ ಹತ್ತಿ ಇಡಲಿಲ್ಲ. ಬೆಳಿಗ್ಗೆ ಬಂದು ಕಪಾಟಿನ ಎರಡೂ ಬಾಗಿಲು ತೆರೆದು, ಎಲ್ಲಕ್ಕಿಂತ ಜೋರಾಗಿ ಕೂಗುವುದನ್ನು ಮೊದಲು ಎತ್ತಿಕೊಳ್ಳುತ್ತಿದ್ದಳು. ದಿನಕ್ಕೆ ಎಂಟು, ಹತ್ತು ದನಿಗಳು ನಿಲ್ಲತೊಡಗಿದವು. ನಿಂತಷ್ಟೂ ಹೊಸವು ಬಂದವು. ಇಲ್ಲಿ ಕೆಲಸ ಆಗುತ್ತದೆಂದು ಗೊತ್ತಾಗಿ ಜನ ಬೇರೆ ಕೋಣೆಗಳಿಗೆ ಹಾಕಬೇಕಾದ ಅರ್ಜಿಗಳನ್ನೂ ತಂದು ಅವಳಿಗೇ ಕೊಟ್ಟರು. ಪಕ್ಕದ ಐದನೆಯ ಕೋಣೆಯ ವಿರೂಪಾಕ್ಷ ಕಳಸದ ಎಂಬ ತರುಣ ಅಧಿಕಾರಿ ಅವರಿಗಿಂತ ಮುಂದೆ ಹೋದ. ತನಗೆ ಬಂದ ಪ್ರತಿಯೊಂದನ್ನೂ ‘ಅಭಿಪ್ರಾಯಕ್ಕಾಗಿ’ ಎಂದು ಬರೆದು ನಾಲ್ಕನೆಯ ಕೋಣೆಗೆ ದಾಟಿಸುತ್ತಿದ್ದ. ಇಸ್ತ್ರಿ ಮುರಿಯದ ಅಂಗಿ, ಬಂದವರಿಗೆಲ್ಲ ಚಹ, ಎಲ್ಲ ಮಾತಿಗೂ ‘ಸೋಮವಾರ ಬರ್ರಿ’. ಎರಡು ವರ್ಷದಲ್ಲಿ ಜನ ಅವನ ಬಾಗಿಲಿಗೆ ಹೋಗುವುದನ್ನೇ ಬಿಟ್ಟಿದ್ದರು.

ಇಂಥ ದಿನಗಳಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಮೂವತ್ತೈದರೊಳಗಿನ ನೌಕರರಲ್ಲಿ ಅತ್ಯುತ್ತಮರಾದವರಿಗೆ ‘ಶ್ರೇಷ್ಠ ಯುವ ಸೇವಕ’ ಪ್ರಶಸ್ತಿ. ಶಾಲು, ಹಿತ್ತಾಳೆಯ ಫಲಕ, ಮತ್ತು ಬೇಡಿದ ಊರಿನಲ್ಲಿ ಮೂರು ವರ್ಷ ವರ್ಗವಿಲ್ಲದ ನೌಕರಿ. ಸಮಿತಿಯೊಂದು ಬಂದು, ಪ್ರತಿ ಕೋಣೆಯಲ್ಲೂ ಬಾಗಿಲು ಹಾಕಿಕೊಂಡು, ಒಂದು ಊದಿನಕಡ್ಡಿ ಉರಿಯುವಷ್ಟು ಹೊತ್ತು ಕಿವಿಗೊಟ್ಟು ನಿಲ್ಲುತ್ತದೆ. ಯಾವ ಕೋಣೆಯಲ್ಲಿ ಸದ್ದು ಎಲ್ಲಕ್ಕಿಂತ ಕಡಿಮೆಯೋ ಆ ಕೋಣೆಯವರಿಗೆ ಪ್ರಶಸ್ತಿ. ಅರ್ಜಿ ಉಳಿದಿಲ್ಲವೆಂದರೆ ಸದ್ದಿಲ್ಲ, ಸದ್ದಿಲ್ಲವೆಂದರೆ ಸೇವೆ ಆಗಿದೆ ಎಂಬುದು ಸುತ್ತೋಲೆ ಬರೆದವರ ತರ್ಕ. ಒಕ್ಕಣೆ ಮಾತ್ರ ಚೆನ್ನಾಗಿತ್ತು.

ಊರಿನ ತರುಣ ನೌಕರರಲ್ಲಿ ಅಂದಿನಿಂದ ಬಂದ ಹುರುಪನ್ನು ನಾನು ಹಿಂದೆ ಕಂಡಿರಲಿಲ್ಲ. ಒಂದನೆಯ ಕೋಣೆಯವನು ಅರ್ಜಿಗಳನ್ನೆಲ್ಲ ಕಬ್ಬಿಣದ ಟ್ರಂಕಿನಲ್ಲಿಟ್ಟು ಮೇಲೆ ಗಾದಿ ಹೊದಿಸಿದ. ಎರಡನೆಯವನು ಗೋಡೆಗೇ ಗಾದಿ ಬಡಿಸಿದ. ಮೂರನೆಯವನು ತನ್ನ ಕಟ್ಟುಗಳನ್ನು ಜೀಪಿನಲ್ಲಿ ತುಂಬಿ ‘ಸ್ಥಳ ಪರಿಶೀಲನೆ’ ಎಂದು ಹಳ್ಳಿಯ ಕಡೆ ಕಳಿಸಿದ. ಆ ಜೀಪು ಬಜಾರಿನಲ್ಲಿ ಹಾದುಹೋದಾಗ ಮದುವೆಯ ದಿಬ್ಬಣವೆಂದು ತಿಳಿದು ಜನ ದಾರಿ ಬಿಟ್ಟರು. ಇವರೆಲ್ಲರ ಗಾದಿಗಳನ್ನೂ ತುಂಬಿಕೊಟ್ಟವನು ಮಹಬೂಬಸಾಬ. ಹತ್ತಿಯ ಧೂಳು ಕುಡಿದು ಕುಡಿದು ಅವನ ಎದೆ ಕೆಟ್ಟಿತ್ತು. ಒಂದು ಮಾತಿಗೆ ಎರಡು ಸಲ ಕೆಮ್ಮುತ್ತಿದ್ದ.

“ನೋಡ್ರಿ ಅಯ್ಯಾರ,” ಎಂದ ಒಂದು ದಿನ, ಪಡಸಾಲೆಯಲ್ಲಿ ಗಾದಿಯ ಸುರುಳಿ ಇಳಿಸಿ, “ನನ್ನ ಮಗಳ ಕೂಡ ಜಿದ್ದಿಗೆ ಬಿದ್ದಾವ್ರಿಗೆಲ್ಲ ನಾನs ಗಾದಿ ತುಂಬಿ ಕೊಡಾಕತ್ತೇನಿ.”

“ಆಗಂಗಿಲ್ಲ ಅನ್ನಬೇಕಾಗಿತ್ತಲ್ಲೋ.”

“ಹೆಂಗ ಅನ್ಲಿ? ಆಕೀನs ಹೇಳ್ಯಾಳ. ಅಪ್ಪಾ, ಸರ್ಕಾರಿ ಕೆಲಸ, ಗಟ್ಟಿ ಹೊಲದ ಕೊಡು ಅಂತ.” ಕೆಮ್ಮಿ, ಮುಖ ಒರೆಸಿಕೊಂಡ. “ಆಕಿಗೆ ಬಂದ್ರ ಛಲೋ ಆಗ್ತೈತ್ರಿ. ಮೂರು ವರ್ಷ ನನ್ನ ಕಣ್ಣ ಮುಂದ ಇರ್ತಾಳ. ಇಲ್ಲಾಂದ್ರ ವರ್ಗ ಆಗೂದು ಖಾತ್ರಿ.”

ಆಗಲಿ, ದೇವರು ಕಣ್ಣು ತೆರೆಯುತ್ತಾನೆ ಎಂದೆ. ಮನಸ್ಸಿನಲ್ಲಿ ನಾನು ಬೇರೆಯೇ ಲೆಕ್ಕ ಹಾಕುತ್ತಿದ್ದೆ. ನಾಲ್ಕನೆಯ ಕೋಣೆಯ ಕಪಾಟು ದಿನದಿಂದ ದಿನಕ್ಕೆ ಬರಿದಾಗುತ್ತಿತ್ತು. ತನ್ನವು, ಪರರವು, ಕಳಸದ ದಾಟಿಸಿದವು ಎಲ್ಲವನ್ನೂ ಆ ಹುಡುಗಿ ಮುಗಿಸುತ್ತ ಬಂದಿದ್ದಳು. ಸಮಿತಿ ಬರಲು ಎಂಟು ದಿನ ಇರುವಾಗ ನನ್ನನ್ನು ಒಳಗೆ ಕರೆದಳು.

“ಅಜ್ಜಾರ, ಅಮ್ಮಾರ್ದು ಒಂದs ಉಳದೈತಿ. ಸಳಿ ಮಂಜೂರ ಆಗೇತಿ. ವೆಲ್ಡಿಂಗಿನವ್ರು ನಾಳೆ ಬಾ ಅಂದ್ರ ನಾಳೆ ಬರ್ತಾರ.” ನನಗೆ ಸಂತೋಷದ ಸುದ್ದಿ ಕೊಡುತ್ತಿದ್ದೇನೆಂದು ಅವಳ ಮುಖವೆಲ್ಲ ನಗುತ್ತಿತ್ತು.

ನಾನು ಕಾರಣ ಹುಡುಕಿದೆ. “ಕಟ್ಟಡ ಹಳೇದವ್ವಾ. ಎಂಜಿನಿಯರ ಅಭಿಪ್ರಾಯ ಬೇಕಾಗ್ತೈತಿ.”

“ಬಂದೈತ್ರಿ.”

“ನಕಾಶೆ?”

“ಐತ್ರಿ.”

“ಅರ್ಜಿ ಹಾಕಿದಾಕಿ ತೀರಿಕೊಂಡಾಳ. ವಾರಸುದಾರರ ಒಪ್ಪಿಗಿ ಇಲ್ಲದ ಹೆಂಗ ಮಾಡ್ತಿ?”

ಶಮಶಾದ ನಕ್ಕಳು. “ವಾರಸುದಾರ್ರು ನೀವs ಅಲ್ಲೇನ್ರಿ? ತಗೋರಿ, ಇಲ್ಲೊಂದು ರುಜು ಹಾಕ್ರಿ.”

ಪೆನ್ನಿನಲ್ಲಿ ಶಾಯಿ ಇಲ್ಲ ಎಂದೆ. ನಲವತ್ತೊಂದು ವರ್ಷ ಪೆನ್ನಿನಿಂದಲೇ ಬದುಕಿದವನು, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ಆ ಮಾತಾಡಿದೆ.

ಮನೆಗೆ ಹೋಗಿ ಒಂದು ತಕರಾರು ಅರ್ಜಿ ಬರೆದೆ. ಜನರ ಕೆಲಸ ಹೇಗೆಲ್ಲ ನಿಲ್ಲುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ಆ ಊರಿನಲ್ಲಿ ಇರಲಿಲ್ಲ. ಪುರಾತನ ಮೆಟ್ಟಿಲುಗಳ ಸೌಂದರ್ಯಕ್ಕೆ ಧಕ್ಕೆ ಬರುವುದು, ಕಬ್ಬಿಣ ತುಕ್ಕು ಹಿಡಿದು ರೋಗಿಗಳಿಗೆ ಅಪಾಯವಾಗುವುದು, ಇನ್ನೂ ಹನ್ನೆರಡು ಕಾರಣ; ನಾಲ್ಕು ಪುಟ. ನನ್ನ ಜೀವಮಾನದ ಅತ್ಯುತ್ತಮ ಬರವಣಿಗೆ ಅದೇ ಇರಬೇಕು. ಬೇರೆಯವರ ಅರ್ಜಿ ಅವರ ಮನಸ್ಸನ್ನು ಬಯಲು ಮಾಡುವುದನ್ನು ದಿನವೂ ಕಂಡವನಿಗೆ, ನನ್ನದೂ ಹಾಗೇ ಮಾಡೀತೆಂದು ಹೊಳೆಯಲಿಲ್ಲ. ನನ್ನ ಒಕ್ಕಣೆಯ ಮೇಲೆ ನನಗೆ ಅಷ್ಟು ನಂಬಿಕೆ.

ಮರುದಿನ ಗುಮಾಸ್ತರ ಮೇಜಿನ ಮುಂದೆ, ಸಾಲಿನಲ್ಲಿ ನಿಂತ ಹತ್ತು ಹನ್ನೆರಡು ಜನರ ಎದುರು, ರುಜು ಹಾಕಿದೆ. ಕಾಗದ ನಾನು ಮಾಡುವ ಹಾಗೆಯೇ ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ನನ್ನ ದನಿಯಲ್ಲಿ, “ಆಕೀದು ಮುಗಸಬ್ಯಾಡ್ರಿ. ಆಕಿ ದನಿಯಷ್ಟರ ಇರ್ಲಿ” ಎಂದಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಾಗಿತ್ತು. ಶಮಶಾದ ಎದ್ದುಬಂದು ಕಾಗದ ತೆಗೆದುಕೊಂಡು, ನೀಲಗಂಗಾಳ ಅರ್ಜಿಯ ಪಕ್ಕದಲ್ಲಿ ಕಪಾಟಿನಲ್ಲಿಟ್ಟಳು. ಬೇರೆ ಜಾಗವಿರಲಿಲ್ಲವೆಂದಲ್ಲ, ಅದೊಂದನ್ನು ಬಿಟ್ಟರೆ ಕಪಾಟು ಪೂರ್ತಿ ಖಾಲಿ ಇತ್ತು.

ಆಮೇಲಿನ ದಿನಗಳಲ್ಲಿ ನಾಲ್ಕನೆಯ ಕೋಣೆಯಲ್ಲಿ ನಮ್ಮ ಸಂಸಾರ ಮತ್ತೆ ನಡೆಯಿತು. ಅವಳು ಸಳಿ ಕೇಳುವಳು, ನಾನು ಬೇಡ ಎನ್ನುವೆ. ಅವಳು ಬಸುರಿ ಹೆಣ್ಣುಮಕ್ಕಳ ಮಾತು ತೆಗೆಯುವಳು, ನಾನು ಅವಳ ದನಿಯ ಮಾತು ತೆಗೆಯುವೆ. ಊರಿನವರು ಹೊತ್ತು ಕಳೆಯಲು ಬಂದು ಕಿಟಕಿಯಲ್ಲಿ ನಿಂತರು. “ನಮ್ಮ ಮನ್ಯಾಗೂ ಹಿಂಗs ನೋಡ್ರಿ, ಒಬ್ರ ಮಾತ ಒಬ್ರಿಗೆ ಕೇಳ್ಸೂದೇ ಇಲ್ಲ” ಎಂದ ಒಬ್ಬ ಗುಮಾಸ್ತ. ಬೆಂಚಿನ ಮೇಲೆ ಕೂತ ನನಗೆ ಮೊದಲ ದಿನ ಹಬ್ಬದಂತೆ ಇತ್ತು. ಎರಡನೆಯ ದಿನ, ಗುಮಾಸ್ತ ಹೇಳಿದ್ದು ನಿಜವೆಂದು ಕಂಡಿತು. ಅವಳು ನನ್ನ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಬದುಕಿದ್ದಾಗ ಕೊಡದೆ ಬಿಟ್ಟವಳಲ್ಲ.

ಸಮಿತಿ ಬರುವ ಹಿಂದಿನ ದಿನ ಶಮಶಾದ ಬೆಂಚಿಗೆ ಬಂದು ನನ್ನ ಪಕ್ಕ ಕೂತಳು.

“ಅಜ್ಜಾರ, ಒಂದು ಮಂಜೂರ ಮಾಡಿದ್ರ ಇನ್ನೊಂದು ಸುಮ್ಮನಾಗೂದಿಲ್ಲ. ಏನ್ ಮಾಡ್ಲಿ ಹೇಳ್ರಿ.”

“ನನ್ನದು ಆಗಂಗಿಲ್ಲಂತ ಕಾರಣ ಬರದುಬಿಡವ್ವಾ.”

“ಬರೀಬಹುದ್ರಿ. ಸತ್ತವ್ರ ದನಿ ಕಾಯೂದು ಸರ್ಕಾರದ ಕೆಲಸ ಅಲ್ಲ ಅಂತ ಬರದ್ರ ಖರೇನೂ ಆಗತೈತಿ, ನಿಮ್ಮದು ಬಾಯಿ ಮುಚ್ಚತೈತಿ. ಆದ್ರ ಬರಿಯಾಕ ಕೈ ಬರವಲ್ದು.”

“ಎಲ್ಲಾರೂ ಮಾಡ್ದಂಗ ಒಂದು ಗಾದಿ...”

“ಅಮ್ಮಾರನ್ನ ಗಾದ್ಯಾಗ ಸುತ್ತಲೇನ್ರಿ?” ಎಂದಳು. ಅವಳು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

ರುಜು ಹಾಕಿದವರೇ ಅದನ್ನು ಹೊಡೆದುಹಾಕಿದರೂ ಅರ್ಜಿ ಸುಮ್ಮನಾಗುತ್ತದೆ; ಆಗಲೇ ನಾನು ನನ್ನ ರುಜು ಹೊಡೆದುಹಾಕಿದ್ದರೆ ಮುಗಿದುಹೋಗುತ್ತಿತ್ತು. ಹೊಡೆಯಲಿಲ್ಲ.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರಿಗೆ ಬಲಗಿವಿ ಕೇಳುತ್ತಿರಲಿಲ್ಲ. ಹಾಗಾಗಿ ಯಾರ ಮಾತನ್ನೂ ಪೂರ್ತಿ ಕೇಳದ ನಿಷ್ಪಕ್ಷಪಾತಿ ಎಂದು ಅವರಿಗೆ ಹೆಸರು. ನಾಲ್ಕನೆಯ ಕೋಣೆಯ ಹೊರಗೆ ಹೊಸ ಅರ್ಜಿ ಹಿಡಿದ ನಲವತ್ತು ಜನರ ಸಾಲಿತ್ತು. ಅವರನ್ನು ದಾಟಿ ಒಳಗೆ ಬರಲು ಸಮಿತಿಗೇ ಕಷ್ಟವಾಯಿತು. ಊದಿನಕಡ್ಡಿ ಹಚ್ಚಿದರು. ಕಪಾಟಿನೊಳಗಿಂದ ಅವಳು ಸಳಿ ಕೇಳಿದಳು. ನಾನು ಬೇಡವೆಂದೆ.

“ಯಾರಿವರು?” ಎಂದರು ಅಧ್ಯಕ್ಷರು.

“ಅರ್ಜಿದಾರ್ರು ರೀ. ಗಂಡ ಹೆಂಡ್ತಿ” ಎಂದಳು ಶಮಶಾದ.

“ಇಬ್ಬರನ್ನೂ ಹೊರಗ ಕಳಸ್ರಿ, ನಾವು ಸದ್ದು ಕೇಳಬೇಕಾಗೇತಿ.”

ಶಮಶಾದ ಕಪಾಟಿನ ಕಡೆ ಕೈ ತೋರಿಸಿದಳು. ಅಧ್ಯಕ್ಷರು ಕಾಗದದಲ್ಲಿ ಬರೆದದ್ದನ್ನು ನಾನು ಆಮೇಲೆ ಓದಿದೆ. ‘ಕೆಲಸ ತೃಪ್ತಿಕರ. ಆದರೆ ಕೋಣೆಯಲ್ಲಿ ಕೌಟುಂಬಿಕ ವಾತಾವರಣವಿದೆ, ಹೊರಗೆ ಜನಸಂದಣಿ.’

ಐದನೆಯ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲೆ ಹೋಯಿತು. ಅಲ್ಲಿ ಗಾದಿಯಿರಲಿಲ್ಲ, ಟ್ರಂಕಿರಲಿಲ್ಲ, ಮೋಸದ ಯಾವ ಗುರುತೂ ಇರಲಿಲ್ಲ. ಯಾರೂ ಏನನ್ನೂ ಕೇಳಲು ಬಾರದ ಆ ಕೋಣೆಯ ಶಾಂತಿಯಲ್ಲಿ ಸದಸ್ಯರೊಬ್ಬರಿಗೆ ನಿದ್ದೆ ಹತ್ತಿತು. ಅದನ್ನೂ ಗುಣವೆಂದೇ ಬರೆದುಕೊಂಡರು. ವಿರೂಪಾಕ್ಷ ಕಳಸದನಿಗೆ ಶಾಲು ಹೊದಿಸಿದರು. ಹಿತ್ತಾಳೆಯ ಫಲಕವನ್ನು ಬಾಗಿಲಿಗೆ ಜಡಿದರು. ಮರುದಿನ ಬೆಳಿಗ್ಗೆ ಊರಿನ ಜನ ಆ ಫಲಕ ಓದಿದರು. ಸರ್ಕಾರವೇ ಇವನು ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾನೆಂದು ಬರೆದ ಮೇಲೆ ಅನುಮಾನವೇಕೆ ಎಂದು ಸಾಲು ಸಾಲಾಗಿ ಅವನ ಬಾಗಿಲಿಗೆ ನಿಂತರು. ಒಂದು ವಾರದಲ್ಲಿ ಐದನೆಯ ಕೋಣೆಯ ಗದ್ದಲಕ್ಕೆ ಅಂಗಳದ ಮರದ ಕಾಗೆಗಳು ಎದ್ದುಹೋದವು. ಕಳಸದ ತನ್ನನ್ನು ಬೇರೆ ಊರಿಗೆ ಹಾಕಬೇಕೆಂದು ಅರ್ಜಿ ಬರೆದುಕೊಂಡ. ಪ್ರಶಸ್ತಿ ಪಡೆದವರಿಗೆ ಮೂರು ವರ್ಷ ವರ್ಗವಿಲ್ಲವೆಂದು ಮೇಲಿನವರು ಅದನ್ನು ಪಕ್ಕಕ್ಕಿಟ್ಟರು. ಅದು ಈಗಲೂ “ಅವ್ವಾ, ಮನೀಗ್ ಹೋಗ್ತೀನಿ” ಎಂದು ಅಳುತ್ತಿದೆಯಂತೆ.

ಶಮಶಾದಳಿಗೆ ವರ್ಗದ ಆದೇಶ ಬಂತು. ಎರಡು ನೂರು ಮೈಲಿ ಆಚೆಯ ಊರು. ಹತ್ತು ದಿನದ ಗಡುವು.

ಅದೇ ವಾರ ಮಹಬೂಬಸಾಬನ ಉಬ್ಬಸ ಏರಿತು. ಮಗಳು ಕಚೇರಿಯಲ್ಲಿದ್ದಳು. ಅವನ ಅಂಗಡಿಯ ಪಕ್ಕದವರು ನನ್ನನ್ನು ಕೂಗಿದರು, ನಾನು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವನ ಕೈ ನನ್ನ ಹೆಗಲ ಮೇಲೆ, ನನಗೆ ಎಪ್ಪತ್ತಮೂರು. ನಾಲ್ಕನೆಯ ಮೆಟ್ಟಿಲಿನಲ್ಲಿ ಅವನು ನಿಂತ, ಐದನೆಯದರಲ್ಲಿ ನಾನು ನಿಂತೆ. ಇನ್ನೊಂದು ಹೆಜ್ಜೆ ಎತ್ತಿದರೆ ಇಬ್ಬರೂ ಹಿಂದಕ್ಕೆ ಬೀಳುವೆವೆಂದು ಇಬ್ಬರಿಗೂ ಗೊತ್ತಾಯಿತು. ಅಲ್ಲೇ ಕೂತೆವು. ಅವನ ಎದೆಯಲ್ಲಿ ಸಿಳ್ಳೆ ಹೊಡೆದಂತೆ ಉಸಿರು ಆಡುತ್ತಿತ್ತು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು.

ಉಸಿರು ತುಸು ಇಳಿದ ಮೇಲೆ ಮಹಬೂಬಸಾಬ ಸುತ್ತ ನೋಡಿದ. “ಅಯ್ಯಾರ,” ಎಂದ, “ಮೆಟ್ಟಲ ಮಾತ್ರ ಭಾಳ ಚಂದ ಅದಾವ ನೋಡ್ರಿ. ಸಳಿ ಹಾಕಿದ್ರ ಈ ಚಂದ ಉಳೀತಿರಲಿಲ್ಲ.”

ನಾನು ತಲೆ ತಗ್ಗಿಸಿದೆ. ಅವನು ಕೆಮ್ಮಿ, ನನ್ನ ತೊಡೆಯ ಮೇಲೆ ಕೈಯಿಟ್ಟು, “ನಮ್ಮ ಶಮಶಾದನ ತಾಯಿ ಹೋಗಿ ಹದಿನೆಂಟ ವರ್ಷ ಆತು” ಎಂದ. “ಆಕಿ ಹೊದ್ದ ದುಪ್ಪಟಿ ಇಟಗೊಂಡಿದ್ದೆ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಒಂದು ಚಳಿಗಾಲ ಮಗಳು ನಡಗಾಕ ಹತ್ತಿದ್ಲು. ತಗದು ಹೊಚ್ಚಿದೆ. ಏನ್ ಮಾಡೂದ್ರಿ.”

ಒಳಗಿನಿಂದ ಇಬ್ಬರು ಆಯಾಗಳು ಬಂದು ಅವನನ್ನು ಎತ್ತಿಕೊಂಡು ಹೋದರು. ಸೂಜಿ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ನಾನು ಅಲ್ಲಿಂದ ನೇರವಾಗಿ ನಾಲ್ಕನೆಯ ಕೋಣೆಗೆ ಹೋಗಿ, ಶಮಶಾದಳಿಗೆ ಅಪ್ಪ ಆರಾಮಿದ್ದಾನೆಂದು ಹೇಳಿ, ಕಪಾಟಿನಿಂದ ನನ್ನ ತಕರಾರು ತೆಗೆದು ರುಜುವಿನ ಮೇಲೆ ಗೀಟು ಹೊಡೆದೆ. ನನ್ನ ದನಿ ನಿಂತಿತು. ಆಮೇಲೆ ವಾರಸುದಾರನ ಒಪ್ಪಿಗೆಯ ಕಾಗದ ಕೇಳಿದೆ. ಪೆನ್ನಿನಲ್ಲಿ ಶಾಯಿ ಇತ್ತು.

“ಯಾವಾಗ ಹಾಕಸ್ಲಿ, ನೀವs ಹೇಳ್ರಿ ಅಜ್ಜಾರ” ಎಂದಳು.

“ನೀ ಹೋಗೂದು ಎಂದು?”

“ಶನಿವಾರ ಮಧ್ಯಾಹ್ನಕ್ಕ ಬಿಡುಗಡಿ.”

“ಶನಿವಾರs ಆಗ್ಲಿ.”

ಐದು ದಿನ ಸಿಕ್ಕಿದವು. ಬರವಣಿಗೆ ಬಿಟ್ಟು ಬೆಳಗಿನಿಂದ ಸಂಜೆಯವರೆಗೂ ಬೆಂಚಿನ ಮೇಲೆ ಕೂತೆ. ಶನಿವಾರ ಶಮಶಾದ ವೆಲ್ಡಿಂಗಿನವರ ಜೊತೆ ಆಸ್ಪತ್ರೆಗೆ ಹೋದಳು. ನೀವೂ ಬರ್ರಿ ಎಂದಳು, ಒಲ್ಲೆ ಎಂದೆ. ಕೋಣೆಯಲ್ಲಿ ನಾನು, ನೀಲಗಂಗಾ ಇಬ್ಬರೇ. ಅವಳು ಕೇಳುತ್ತಲೇ ಇದ್ದಳು, ಎಂದಿನ ಹಾಗೆಯೇ, ಅವಸರವಿಲ್ಲದೆ. ಹನ್ನೆರಡೂವರೆಯ ಸುಮಾರಿಗೆ “ಬಸರಿ ಹೆಣ್ಮಕ್ಕಳು ಬರ್ತಾರ” ಎಂದು ಮುಗಿಸಿದಳು. ಮತ್ತೆ ಶುರುಮಾಡುತ್ತಾಳೆಂದು ಕಾದೆ. ಗೋಡೆಯ ಗಡಿಯಾರ ಕೇಳಿಸಿತು. ಆ ಕೋಣೆಯಲ್ಲಿ ಗಡಿಯಾರಕ್ಕೆ ಸದ್ದಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಶಮಶಾದ ಬಂದಾಗ ಅವಳ ದುಪಟ್ಟಾಕ್ಕೆ ಕಬ್ಬಿಣದ ಕಿಟ್ಟ ಮೆತ್ತಿತ್ತು. ಬಾಗಿಲಲ್ಲೇ ನಿಂತು ಆಲಿಸಿ, ಬಂದು ನನ್ನ ಪಕ್ಕ ಕೂತಳು. ಬಿಡುಗಡೆಯ ಹೊತ್ತು ಮೀರಿದರೂ ಎದ್ದುಹೋಗಲಿಲ್ಲ. ಕೊನೆಗೆ ನಾನೇ, “ಬಸ್ಸಿಗೆ ಹೊತ್ತಾತವ್ವಾ. ಅಪ್ಪನ್ನ ನಾ ನೋಡ್ಕೋತೀನಿ” ಎಂದು ಎಬ್ಬಿಸಿದೆ.

ಹದಿನೈದು ದಿನದ ಮೇಲೆ ಮಹಬೂಬಸಾಬನ ಗುಳಿಗೆ ತರಲು ಆಸ್ಪತ್ರೆಗೆ ಹೋದೆ. ನಡುಮಧ್ಯಾಹ್ನ. ಕೆಳಗಿನ ಮೆಟ್ಟಿಲಿನಲ್ಲಿ ದಿನ ತುಂಬಿದ ಹೆಂಗಸೊಬ್ಬಳು ಸರಳಿಗೆ ಕೈ ಹಚ್ಚಿ, ಹಾ ಎಂದು ಕೈ ಕೊಡವಿಕೊಂಡಳು. ಸೆರಗು ಸುತ್ತಿ ಮತ್ತೆ ಹಿಡಿದು, ಬೈಯುತ್ತ ಬೈಯುತ್ತ ನನ್ನ ಮುಂದೆ ಹತ್ತಿದಳು. ಹನ್ನೊಂದನ್ನೂ ಎಲ್ಲೂ ನಿಲ್ಲದೆ ಹತ್ತಿ, ಮೇಲೆ ನಿಂತು ಏದುಸಿರು ಬಿಡುತ್ತ ನನ್ನ ಕಡೆ ತಿರುಗಿದಳು.

“ಯಾರ್ರೀ ಯಜ್ಜಾ, ಇಂಥಾ ಬಿಸಲಾಗ ಕಬ್ಬಣ ಹಾಕಿಸಿದಾವ್ರು?”

“ನಮ್ಮ ಮನ್ಯಾಕಿ ಅವ್ವಾ.”

“ಹಂಗಾರ ಆಕಿಗೆ ಹೇಳ್ರಿ, ಕೈ ಸುಡ್ತೈತಿ ಅಂತ.”

“ಹೇಳ್ತೀನವ್ವಾ” ಎಂದೆ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಹೇಳಿದೆ.